ಗೆರೆಯಾಚೆಯ ಡಿನ್ನರ್

ಮಿಸಿಸಿಪ್ಪಿ ನದಿ ಅಲ್ಲಿ ಏನನ್ನೋ ಮರೆತುಬಂದವಳಂತೆ ಹಿಂದಕ್ಕೆ ತಿರುಗಿ, ಕುದುರೆಲಾಳದ ಹಾಗೆ ಒಂದು ಸುತ್ತು ಹಾಕಿ, ಮತ್ತೆ ದಕ್ಷಿಣದ ದಾರಿ ಹಿಡಿಯುತ್ತದೆ. ಆ ಲಾಳದೊಳಗಿನ ನೆಲವನ್ನು ಜನ ಬೆಂಡ್ ಎನ್ನುತ್ತಾರೆ. ಹಿಂದಿನ ಕಾಲದಲ್ಲಿ ಕೆಂಟಕಿ, ಟೆನೆಸಿ ರಾಜ್ಯಗಳ ನಡುವೆ ನೇರವಾಗಿ ಗೆರೆ ಎಳೆದವರಿಗೆ ನದಿ ಹೀಗೆ ಬಳಸಿಕೊಂಡಿರುವುದು ಗೊತ್ತಿರಲಿಲ್ಲ. ಹಾಗಾಗಿ ಕೆಂಟಕಿಯ ಒಂದು ತುಣುಕು ತನ್ನವರಿಂದ ಕಳಚಿಕೊಂಡು ನದಿಯ ಈಚೆ ಉಳಿದುಬಿಟ್ಟಿತು. ಮೂರು ಕಡೆ ನೀರು, ನೀರಿನಾಚೆ ಮಿಸೌರಿ. ಉಳಿದ ಒಂದು ಕಡೆ ಟೆನೆಸಿ. ರಸ್ತೆ ಬರುವುದು ಟೆನೆಸಿಯಿಂದ, ಅಂಚೆ ಬರುವುದು ಟೆನೆಸಿಯ ವಿಳಾಸಕ್ಕೆ. ತೆರಿಗೆ ಮತ್ತು ಮತ ಮಾತ್ರ ಕೆಂಟಕಿಗೆ.

ನೇಡೀನ್ ವಿಟ್ಲೋ ಹುಟ್ಟಿದ್ದು ಆ ತುಣುಕಿನಲ್ಲಿ. ಅವಳ ಬಾಲ್ಯದಲ್ಲಿ ಅಲ್ಲೊಂದು ಚರ್ಚು, ಒಂದು ಹತ್ತಿ ಹಿಂಜುವ ಗಿರಣಿ, ಸಂಜೆಯಾದರೆ ಒಂದು ವರಾಂಡದಿಂದ ಇನ್ನೊಂದು ವರಾಂಡಕ್ಕೆ ಕೂಗಿ ಮಾತಾಡುವಷ್ಟು ಮನೆಗಳು ಇದ್ದವು. ಹತ್ತಿ ಬಿಡಿಸುವ ಯಂತ್ರ ಬಂದ ಮೇಲೆ ಕೈಗಳಿಗೆ ಕೆಲಸವಿಲ್ಲವಾಯಿತು. ಒಬ್ಬರು ಡೆಟ್ರಾಯಿಟಿಗೆ ಹೋದರು, ಇನ್ನೊಬ್ಬರು ಮೆಂಫಿಸಿಗೆ. ಚರ್ಚಿನ ಗಂಟೆಯನ್ನು ಯಾರೋ ಟೆನೆಸಿಯ ಚರ್ಚಿಗೆ ಸಾಗಿಸಿದರು. ನೇಡೀನಳ ಅರವತ್ತೇಳನೆಯ ವಯಸ್ಸಿಗೆ ಬೆಂಡಿನಲ್ಲಿ ದೀಪ ಉರಿಯುತ್ತಿದ್ದ ಮನೆ ಅವಳದೊಂದೇ. ಹೊಲಗಳು ದೂರದ ಯಾರದೋ ಕಂಪನಿಯ ಪಾಲಾಗಿದ್ದವು. ಉಳುವವರು ದೊಡ್ಡ ಟ್ರ್ಯಾಕ್ಟರಿನ ಗಾಜಿನೊಳಗಿಂದ ಕೈ ಬೀಸಿ ಹೋಗುತ್ತಿದ್ದರು.

ಅವಳು ಮದುವೆಯಾಗಿರಲಿಲ್ಲ. ಗೆರೆಯಾಚೆಯ ಪಟ್ಟಣದಲ್ಲಿ ಮಕ್ಕಳು ತುಂಡು ಜೋಡಿಸಿ ಆಡುವ ಮರದ ನಕಾಶೆಗಳನ್ನು ಮಾಡುವ ಪುಟ್ಟ ಕಾರ್ಖಾನೆಯೊಂದಿತ್ತು. ಅಲ್ಲಿ ಅವಳು ಜೀವಮಾನವಿಡೀ ರಾಜ್ಯಗಳಿಗೆ ಬಣ್ಣ ಹಚ್ಚಿದಳು. ಗರಗಸದಿಂದ ಕೊರೆದ ಮರದ ತುಂಡುಗಳು ಅವಳ ಮೇಜಿಗೆ ಬರುತ್ತಿದ್ದವು. ಈಶಾನ್ಯದ ರಾಜ್ಯಗಳಿಗೆ ನೀಲಿ, ದಕ್ಷಿಣಕ್ಕೆ ಇಟ್ಟಿಗೆಯ ಕೆಂಪು, ಮಧ್ಯಪಶ್ಚಿಮಕ್ಕೆ ಮೆಕ್ಕೆಜೋಳದ ಹಳದಿ, ಪಶ್ಚಿಮಕ್ಕೆ ಹಸಿರು. ಒಂದೇ ಬಣ್ಣದೊಳಗೂ ರಾಜ್ಯಕ್ಕೊಂದು ಛಾಯೆ. ಕೆಂಟಕಿಯ ಕೆಂಪು ಕಡು, ಟೆನೆಸಿಯದು ತುಸು ತೆಳು. ಒಮ್ಮೆ ಅವಳು ಕೂದಲೆಳೆಯಂಥ ಕುಂಚದಲ್ಲಿ ಟೆನೆಸಿಯ ಮೂಲೆಯ ಮೇಲೆ ಒಂದು ಕಡುಗೆಂಪು ಚುಕ್ಕೆ ಇಟ್ಟಳು. ತನ್ನ ಬೆಂಡ್ ಅಲ್ಲಿ ಇರಬೇಕಿತ್ತು; ಮರದಲ್ಲಿ ಕೊರೆಯಲು ಅದು ತೀರ ಚಿಕ್ಕದು.

ಮೇಸ್ತ್ರಿ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದ. "ಇದೇನ್ರೀ ಮಿಸ್ ನೇಡೀನ್, ನೊಣ ಕೂತೆದ್ದು ಹೋದಂಗಿದೆಯಲ್ಲ?"

"ಅದು ನಮ್ಮನೆ," ಎಂದಳು.

"ನಿಮ್ಮನೆಗೆ ಬಣ್ಣ ಬೇಕಾದ್ರೆ ರಜಾ ಹಾಕಿ ಹೋಗಿ ಬಳ್ಕೊಳ್ಳಿ. ಇದನ್ನ ಒರೆಸಿ."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಒರೆಸಿದಳು.

ಅವಳು ಕೆಲಸ ಬಿಟ್ಟ ಮರುವರ್ಷ, ಬೇಸಿಗೆ ಇಳಿಯುವ ಹೊತ್ತಿಗೆ, ಅರ್ಧ ಮೈಲಿಯಾಚೆ ಪಾಳುಬಿದ್ದಿದ್ದ ಕೇಟ್ಸ್ ಕುಟುಂಬದ ಮನೆಯಲ್ಲಿ ದೀಪ ಕಾಣಿಸಿತು. ನೇಡೀನ್ ಅಡುಗೆಮನೆಯ ಕಿಟಕಿಯಲ್ಲಿ ಅದನ್ನು ನೋಡುತ್ತ ನಿಂತವಳು ಪಾತ್ರೆ ತೊಳೆಯುವುದನ್ನೇ ಮರೆತಳು. ನ್ಯೂಜೆರ್ಸಿಯಿಂದ ಎಡಿತ್ ಬ್ರಾಂಟ್ ಎಂಬ ವಿಧವೆ ಬಂದು ಆ ಮನೆಯನ್ನು ಬಾಡಿಗೆಗೆ ಹಿಡಿದಿದ್ದಳು. ಚಳಿಗಾಲದಲ್ಲಿ ಪಕ್ಕದ ಸರೋವರಕ್ಕೆ ಇಳಿಯುವ ಹದ್ದುಗಳನ್ನು ನೋಡಬೇಕೆಂಬುದು ಅವಳ ಬಹುದಿನದ ಆಸೆಯಂತೆ. ಮನಸ್ಸಿಗೆ ಹಿಡಿಸಿದರೆ ಇಲ್ಲೇ ನಿಲ್ಲುತ್ತೇನೆಂದು ಪಟ್ಟಣದ ಅಂಗಡಿಯಲ್ಲಿ ಹೇಳಿದ್ದಳು. ಆ 'ಹಿಡಿಸಿದರೆ' ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ನೇಡೀನಳಿಗೆ ಎದೆಯಲ್ಲಿ ಒಂದು ಆಸೆ, ಒಂದು ಅಳುಕು.

ಅಕ್ಟೋಬರಿನಲ್ಲಿ ಒಂದು ದಿನ ಧೈರ್ಯ ಮಾಡಿ ಅವಳ ಬೇಲಿಯ ಹತ್ತಿರ ಹೋಗಿ ನಿಂತಳು. ಎಡಿತ್ ದುರ್ಬೀನು ಇಳಿಸಿ ಹತ್ತಿರ ಬಂದಳು.

"ಭಾನುವಾರ ಡಿನ್ನರ್‌ಗೆ ನಮ್ಮನೆಗೆ ಬನ್ನಿ," ಎಂದಳು ನೇಡೀನ್. "ದೊಡ್ಡ ಅಡುಗೆ ಏನಿಲ್ಲ. ಇದ್ದಿದ್ದು ಮಾಡ್ತೀನಿ."

"ಅಯ್ಯೋ, ಖಂಡಿತ ಬರ್ತೀನಿ! ಇಲ್ಲಿ ಬಂದಾಗಿಂದ ಹದ್ದು ಬಿಟ್ರೆ ಇನ್ನೊಂದು ಮುಖ ನೋಡಿಲ್ಲ ನಾನು. ನಿಜ ಹೇಳ್ಬೇಕಂದ್ರೆ ಅದೂ ಇನ್ನೂ ಕಂಡಿಲ್ಲ."

ಎಷ್ಟು ಗಂಟೆಗೆ ಎಂದು ಇವಳು ಹೇಳಲಿಲ್ಲ, ಅವಳು ಕೇಳಲಿಲ್ಲ. ಡಿನ್ನರ್ ಯಾವಾಗ ಎಂದು ಯಾರಾದರೂ ಕೇಳುತ್ತಾರೆಯೇ?

ಬೆಂಡಿನಲ್ಲಿ ಅಜ್ಜಿಯ ಕಾಲದಿಂದಲೂ ಡಿನ್ನರ್ ಎಂದರೆ ನಡುಮಧ್ಯಾಹ್ನದ ಊಟ. ಸಂಜೆಯದು ಸಪ್ಪರ್. ಭಾನುವಾರ ಬೆಳಗಿನ ಪ್ರಾರ್ಥನೆಯನ್ನು ಅರ್ಧಕ್ಕೇ ಬಿಟ್ಟು ಬಂದು ನೇಡೀನ್ ಕೋಳಿ ಹುರಿದಳು. ಅವರೆಕಾಳು ಬೇಯಿಸಿ, ಬಾಣಲೆಯಲ್ಲಿ ಮೆಕ್ಕೆಜೋಳದ ರೊಟ್ಟಿ ಸುಟ್ಟು, ಅಮ್ಮನ ಕಾಲದ ಮೇಜುಹಾಸು ತೆಗೆದು ಹಾಸಿದಳು. ಎರಡು ತಟ್ಟೆ ಇಟ್ಟಳು. ಎರಡನೆಯ ತಟ್ಟೆಯನ್ನು ಕಪಾಟಿನಿಂದ ತೆಗೆಯುವಾಗ ಅದಕ್ಕೆ ಅಂಟಿದ್ದ ಧೂಳು ನೋಡಿ ಅವಳಿಗೇ ನಾಚಿಕೆಯಾಯಿತು.

ಹನ್ನೆರಡಾಯಿತು, ಒಂದಾಯಿತು. ರಸ್ತೆಯ ಮೇಲೆ ಧೂಳೆದ್ದಾಗಲೆಲ್ಲ ಬಾಗಿಲಿಗೆ ಹೋಗಿ ನೋಡಿದಳು. ಎರಡು ದಾಟಿದ ಮೇಲೆ ಕೋಳಿಯ ಮೇಲೆ ಬಟ್ಟೆ ಮುಚ್ಚಿದಳು. ತಾನು ಉಣ್ಣಲಿಲ್ಲ. ಫೋನು ಗೋಡೆಯ ಮೇಲೇ ಇತ್ತು, ಆದರೆ ಕರೆದವಳು ತಾನು. ಬಾರದವಳನ್ನು ಯಾಕೆ ಬರಲಿಲ್ಲವೆಂದು ಕೇಳುವುದು ಆ ಸೀಮೆಯಲ್ಲಿ ಮರ್ಯಾದೆಯಲ್ಲ. ನ್ಯೂಜೆರ್ಸಿಯ ನೀಲಿ ತುಂಡು ಎಷ್ಟು ಚಿಕ್ಕದು, ಅದನ್ನು ಎಷ್ಟು ಸಲ ಅಂಗೈಯಲ್ಲಿಟ್ಟು ಬಣ್ಣ ಹಚ್ಚಿದ್ದೇನೆ ಎಂದು ಅವಳಿಗೆ ಸುಮ್ಮನೆ ನೆನಪಾಯಿತು. ಐದು ಗಂಟೆಗೆ ಎಲ್ಲವನ್ನೂ ಡಬ್ಬಿಗೆ ತುಂಬಿಕೊಂಡು, ದೀಪ ಆರಿಸಿ, ಟೆನೆಸಿಯ ಚರ್ಚಿನ ಸಂಜೆ ಪ್ರಾರ್ಥನೆಗೆ ಹೊರಟಳು. ಕೋಳಿಯನ್ನು ಪಾದ್ರಿಯ ಮಕ್ಕಳು ತಿಂದರು.

ಹಿಂದಿರುಗಿದಾಗ ಮೆಟ್ಟಿಲ ಮೇಲೆ ಒಂದು ಬಾಟಲಿ ಕುಳಿತಿತ್ತು. ಕೆಂಪು ದ್ರಾಕ್ಷಾರಸ. ಹೆಂಡವನ್ನು ಮೂಸಿಯೂ ನೋಡದ ಬ್ಯಾಪ್ಟಿಸ್ಟ್ ಪಂಗಡದವಳ ಮನೆಯ ಹೊಸ್ತಿಲಲ್ಲಿ! 'ಊಟಕ್ಕೆ ಬರಲಾಗದವಳಿಗೆ ನಾನಿಲ್ಲದ ಹೊತ್ತು ನೋಡಿ ಇದನ್ನು ಇಟ್ಟುಹೋಗಲು ಪುರುಸೊತ್ತಾಯಿತು' ಎಂದುಕೊಂಡಳು. ಎಸೆಯಲು ಮನಸ್ಸು ಬರಲಿಲ್ಲ, ಕಾಣುವಲ್ಲಿಡಲು ಧೈರ್ಯವಿರಲಿಲ್ಲ. ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟಳು.

ಆಮೇಲೆ ಅತ್ತ ಕಡೆಯ ಕಿಟಕಿಗೆ ಪರದೆ ಎಳೆದಳು. ಎದುರಾದರೆ ಎಡಿತಳೂ ಮುಖ ಬಿಗಿದು ಕಾರು ಓಡಿಸಿಕೊಂಡು ಹೋಗುತ್ತಿದ್ದಳು. ಒಂದೇ ರಸ್ತೆಯ ಊರಿನಲ್ಲಿ ಇಬ್ಬರೇ ಇಬ್ಬರು ಮುಖ ತಿರುಗಿಸಿಕೊಂಡು ಓಡಾಡುವುದು ಎಷ್ಟು ಕಷ್ಟ ಎಂಬುದು ಅವರಿಗೇ ಗೊತ್ತು.

ನವೆಂಬರಿನ ಕೊನೆಗೆ ನೇಡೀನ್ ಕಾಫಿಪುಡಿ ತರಲು ಪಟ್ಟಣಕ್ಕೆ ಹೋದಾಗ ಅಂಗಡಿಯ ವೆಂಡೆಲ್ ಕ್ರೌಚ್ ಕೆಮ್ಮಿದ. ಅವನು ಕೆಮ್ಮಿದರೆ ಸುದ್ದಿ ಇದೆಯೆಂದೇ ಅರ್ಥ.

"ಮಿಸ್ ನೇಡೀನ್, ಒಂದ್ಮಾತು ಕೇಳ್ಲಾ? ಬೇಜಾರ್ ಮಾಡ್ಕೋಬಾರ್ದು."

"ನೀನು ಕೇಳು, ಬೇಜಾರಿನ ವಿಷ್ಯ ಆಮೇಲೆ ನೋಡ್ಕೊಳ್ಳೋಣ."

"ಆ ಉತ್ತರದ ಯಾಂಕಿ ಅಮ್ಮನ್ನ ಊಟಕ್ಕೆ ಕರ್ದು, ಮನೆಗೆ ಬೀಗ ಹಾಕ್ಕೊಂಡು ಹೋದ್ರಂತೆ? ಪಾಪ, ಒಳ್ಳೆ ಬಟ್ಟೆ ಹಾಕ್ಕೊಂಡು ಬಂದು ಕತ್ತಲಲ್ಲಿ ಮೆಟ್ಲ ಮೇಲೆ ಕೂತಿದ್ರಂತೆ."

"ಕತ್ತಲಲ್ಲಾ?"

"ಆರು ಗಂಟೇಲಿ."

"ಡಿನ್ನರ್‌ಗೆ ಆರು ಗಂಟೆಗೆ ಯಾರಪ್ಪಾ ಬರ್ತಾರೆ?"

"ನ್ಯೂಜೆರ್ಸಿಯೋರು ಬರ್ತಾರೆ!" ವೆಂಡೆಲ್ ಗಲ್ಲಾಪೆಟ್ಟಿಗೆ ತಟ್ಟಿ ನಕ್ಕ. "ಅವ್ರಿಗೆ ಮಧ್ಯಾಹ್ನದ್ದು ಲಂಚ್, ರಾತ್ರಿದು ಡಿನ್ನರ್. ನಾನು ಸೈನ್ಯದಲ್ಲಿ ಇದ್ದಾಗ ಅವ್ರ ಕಡೆ ಹೋಗಿ ಇದೇ ಎಡವಟ್ಟಲ್ಲಿ ಒಂದಿನ ಉಪವಾಸ ಬಿದ್ದಿದ್ದೆ." ಎದುರಿಗೆ ನಿಂತವಳು ನಗದಿರುವುದನ್ನು ಕಂಡು ಅವನ ನಗು ಇಳಿಯಿತು. "ಬೇಗ ಹೋಗಿ ನೋಡಿ ಮಿಸ್ ನೇಡೀನ್. ಬೆಳಿಗ್ಗೆ ಖಾಲಿ ರಟ್ಟಿನ ಪೆಟ್ಟಿಗೆ ತಗೊಂಡು ಹೋದ್ರು."

ಕಾಫಿಪುಡಿ ಅಂಗಡಿಯಲ್ಲೇ ಉಳಿಯಿತು. ಮನೆಗೆ ಬಂದು, ನಿನ್ನೆಯ ಕಾಳು, ತಣ್ಣಗಿನ ಜೋಳದ ರೊಟ್ಟಿ, ಎರಡು ತಟ್ಟೆ ಬುಟ್ಟಿಗೆ ಹಾಕಿಕೊಂಡಳು; ಹಿಟ್ಟಿನ ಡಬ್ಬಿಗೆ ಕೈಹಾಕಿ ಬಾಟಲಿಯನ್ನೂ ಎಳೆದಳು.

ಎಡಿತಳ ವರಾಂಡದಲ್ಲಿ ಪೆಟ್ಟಿಗೆಗಳು ಸಾಲಾಗಿದ್ದವು. ಹೊರಗೆ ಬಂದ ಎಡಿತ್ ಮೊದಲು ಹಿಟ್ಟು ಮೆತ್ತಿದ ಬಾಟಲಿ ನೋಡಿದಳು, ಆಮೇಲೆ ಅದನ್ನು ಹಿಡಿದವಳನ್ನು.

"ಡಿನ್ನರ್ ತಂದಿದೀನಿ," ಎಂದಳು ನೇಡೀನ್.

"ಮಧ್ಯಾಹ್ನ ಮೂರು ಗಂಟೇಲಿ?"

"ನಮ್ದು ಹನ್ನೆರಡಕ್ಕೇ ಮುಗ್ದೋಯ್ತು, ನಿಮ್ದು ಇನ್ನೂ ಬಂದಿಲ್ಲ. ಮಧ್ಯ ಸಿಕ್ಕಿದ್ದು ಇದೊಂದೇ ಹೊತ್ತು. ಅವತ್ತು ನಾನು ಹನ್ನೆರಡು ಗಂಟೆಯಿಂದ ನಿಮ್ಮ ದಾರಿ ಕಾಯ್ತಿದ್ದೆ ಎಡಿತ್. ನಮ್ಮಲ್ಲಿ ಡಿನ್ನರ್ ಅಂದ್ರೆ ಮಧ್ಯಾಹ್ನ."

ಎಡಿತ್ ಅರ್ಥವಾಗದವಳಂತೆ ನೋಡುತ್ತಿದ್ದಳು. ಅರ್ಥವಾದಾಗ ಒಂದು ಪೆಟ್ಟಿಗೆಯ ಮೇಲೆ ಕುಳಿತಳು. ಅವಳು ನಕ್ಕಳೋ ಅತ್ತಳೋ ಹೇಳುವುದು ಕಷ್ಟ. "ನಾನು ಏನೇನು ಅಂದ್ಕೊಂಡೆ ಗೊತ್ತಾ ನಿಮ್ಮ ಬಗ್ಗೆ!"

"ನಾನು ಅಂದ್ಕೊಂಡಿದ್ದಕ್ಕಿಂತ ಕೆಟ್ಟದಾಗಿರಲ್ಲ ಬಿಡಿ."

ರಟ್ಟಿನ ಪೆಟ್ಟಿಗೆಯೇ ಮೇಜಾಯಿತು. ಎಡಿತ್ ದ್ರಾಕ್ಷಾರಸ ಕುಡಿದಳು, ನೇಡೀನ್ ನೀರು. ಮಾತು ಎಲ್ಲೆಲ್ಲಿಗೋ ಹೋಯಿತು: ಚುಕ್ಕೆಯ ವಿಷಯ ಬಂತು, ನೊಣದ ವಿಷಯ ಬಂತು. ನದಿಯಾಚೆ ಬೈಗಿನ ಬಿಸಿಲು ಮಿಸೌರಿಯ ಮೇಲೆ ಇಳಿಯುವಾಗ ನೇಡೀನ್, "ಅದು ಮಧ್ಯಪಶ್ಚಿಮ, ಹಳದಿ ಬಣ್ಣದ್ದು," ಎಂದಳು. ನಿಜಕ್ಕೂ ಆ ದಂಡೆ ಆಗ ಹಳದಿಯಾಗಿಯೇ ಇತ್ತು.

ಆದರೆ ಮನೆ ಬಿಟ್ಟುಕೊಟ್ಟಾಗಿತ್ತು. ನ್ಯೂಜೆರ್ಸಿಯ ಟ್ರೆಂಟನ್ ಊರಿನಲ್ಲಿ ಎಡಿತಳ ತಂಗಿ ತನ್ನ ಪಕ್ಕದಲ್ಲೇ ಒಂದು ಫ್ಲಾಟು ಗೊತ್ತುಮಾಡಿದ್ದಳು, ಮುಂಗಡವೂ ಹೋಗಿತ್ತು. ಬೆಳಿಗ್ಗೆ ತಂಗಿಯ ಮಗ ಲಾರಿ ತರುವವನಿದ್ದ. ಆ ಸೀಮೆಯಲ್ಲಿ ಬೀಳ್ಕೊಡುವಾಗ ಎಲ್ಲರೂ ಎಲ್ಲರಿಗೂ 'ಮತ್ತೆ ಬನ್ನಿ' ಎನ್ನುತ್ತಾರೆ. ಅದು ಕರೆಯಲ್ಲ, ಬಾಯಿಯ ರೂಢಿ. ನೇಡೀನಳೂ ಹಾಗೆಯೇ ಅಂದಳು. ಮೆಟ್ಟಿಲಿಳಿದವಳು ತಿರುಗಿ ನಿಂತಳು. "ಇದು ಬಾಯ್ಮಾತಿಗೆ ಹೇಳಿದ್ದಲ್ಲ. ಇನ್ನೊಂದ್ಸಲ ಅರ್ಥ ತಪ್ಪೋದು ಬೇಡ ಅಂತ ಬಿಡಿಸಿ ಹೇಳ್ತಿದೀನಿ. ನೀವು ಇಲ್ಲೇ ಇರ್ಬೇಕಿತ್ತು."

"ಇದನ್ನ ಅಕ್ಟೋಬರಲ್ಲಿ ಹೇಳ್ಬಾರ್ದಿತ್ತಾ ನೇಡೀನ್?"

"ಹೇಳಿದ್ದೆ," ಎಂದಳು ನೇಡೀನ್. "ಡಿನ್ನರ್‌ಗೆ ಬನ್ನಿ ಅಂದಿದ್ದು ಅದನ್ನೇ."

ಮರುದಿನ ಲಾರಿ ಹೋದ ಧೂಳು ಬಹಳ ಹೊತ್ತು ರಸ್ತೆಯ ಮೇಲೆ ನಿಂತಿತ್ತು. ಆ ಚಳಿಗಾಲ ಹದ್ದುಗಳು ಬಂದವು. ನೋಡಲು ನೇಡೀನ್ ಒಬ್ಬಳೇ ಇದ್ದಳು.

ಎಡಿತ್ ಮತ್ತೆ ಬರಲಿಲ್ಲ, ಮೊಣಕಾಲಿನ ನೋವು ಅಷ್ಟು ದೂರದ ಪ್ರಯಾಣಕ್ಕೆ ಬಿಡಲಿಲ್ಲ. ಭಾನುವಾರ ಮಾತ್ರ ತಪ್ಪದೆ ಫೋನು ಮಾಡುತ್ತಿದ್ದಳು.

"ಡಿನ್ನರ್ ಆಯ್ತಾ?" ಎಂದು ಅಲ್ಲಿಂದ.

"ಯಾವ್ದು, ನಿಮ್ದೋ ನಮ್ದೋ?" ಎಂದು ಇಲ್ಲಿಂದ.

ಪ್ರತಿ ವಾರವೂ ಅದೇ ಮಾತು, ಪ್ರತಿ ವಾರವೂ ಇಬ್ಬರೂ ನಗುತ್ತಿದ್ದರು. ಫೋನು ಇಟ್ಟ ಮೇಲೆ ನೇಡೀನ್ ಕೇಟ್ಸ್ ಮನೆಯ ಕಡೆಯ ಕಿಟಕಿಯ ಮುಂದೆ ಕುಳಿತು, ಎರಡನೆಯ ತಟ್ಟೆಯನ್ನು ಒರೆಸಿ ಇಡುತ್ತಿದ್ದಳು. ಅದಕ್ಕೆ ಮತ್ತೆ ಧೂಳು ಹಿಡಿಯಲು ಅವಳು ಬಿಡಲಿಲ್ಲ.