ಅಣ್ಣನ ಅಪೀಲು

ನನ್ನದು ಮೂಗಿನ ತುದಿಯಲ್ಲೇ ಸಿಟ್ಟು. ಶಹಾಪುರದ ಕಡೆ ನದಿ ದಂಡೆಯಲ್ಲಿ ನಮ್ಮ ಮೀನಿನ ಬಲೆ ಕೊಯ್ದವನಿಗೆ ಹರಿಗೋಲಿನ ಹುಟ್ಟಿನಿಂದ ಬಾರಿಸಿ ತೋಳು ಮುರಿದವನು ನಾನು. ಅಣ್ಣ ಬಿಡಿಸಲು ಬಂದಿದ್ದ, ಅಷ್ಟೇ. ಆದರೆ ನನ್ನ ಹೆಂಡತಿ ಆಗ ತುಂಬಿದ ಬಸುರಿ. ಪೊಲೀಸರ ಮುಂದೆಯೂ ಕೋರ್ಟಿನಲ್ಲೂ ಅಣ್ಣ, "ಹೊಡದಾಂವ ನಾನರಿ" ಎಂದುಬಿಟ್ಟ. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಅವನಿಗೆ ಮೂರು ವರ್ಷ, ಜೊತೆಗಿದ್ದೆನೆಂದು ನನಗೆ ಆರು ತಿಂಗಳು ಶಿಕ್ಷೆಯಾಯಿತು. ನಾನು ಮುಗಿಸಿ ಬಂದೆ. ಅಷ್ಟರಲ್ಲಿ ಜೈಲಿನಲ್ಲೇ ಅವನ ಎರಡೂ ಕಿಡ್ನಿ ಕೈಕೊಟ್ಟವು.

ಯಾದಗಿರಿಯಲ್ಲಿ ಅಪೀಲು ಹಾಕಿದೆವು. ಸುರಪುರದ ನಮ್ಮ ವಕೀಲರು ಎರಡೇ ಮಾತು ಹಿಡಿದಿದ್ದರು: ಒಂದೇ ಜಗಳಕ್ಕೆ ಒಬ್ಬನಿಗೆ ಇಷ್ಟು, ಇನ್ನೊಬ್ಬನಿಗೆ ಅಷ್ಟು ಯಾಕೆ? ವಾರಕ್ಕೆರಡು ಸಲ ಡಯಾಲಿಸಿಸ್ ಬೇಕಾದವನು ಇನ್ನೂ ಎರಡು ವರ್ಷ ಒಳಗೆ ಉಳಿದಾನೆಯೇ? ನ್ಯಾಯಾಧೀಶರು ಅವನನ್ನು ಕಣ್ಣಾರೆ ನೋಡಬೇಕೆಂದರು.

ಪೊಲೀಸರು ಕರೆತಂದರು. ಮುಖ ಊದಿತ್ತು, ಗೋಡೆ ಹಿಡಿದು ನಡೆಯುತ್ತಿದ್ದ. ನ್ಯಾಯಾಧೀಶರು ಮೆತ್ತಗೆ ಕೇಳಿದರು: "ಹೇಗಿದ್ದೀರಿ?"

ಅಣ್ಣ ಕೈಮುಗಿದ. "ಆರಾಮ ಅದೀನ್ರಿ ಸಾಹೇಬ್ರ. ನೀವು ಆರಾಮ ಅದೀರಿ?"

ವಕೀಲರು ಹಣೆ ಒತ್ತಿಕೊಂಡರು. ನಮ್ಮಲ್ಲಿ ದೊಡ್ಡವರು ಕೇಳಿದರೆ ಸಾಯುವವನೂ ಆರಾಮ ಎನ್ನಬೇಕು, ಇಲ್ಲದಿದ್ದರೆ ಮರ್ಯಾದೆ ಗೊತ್ತಿಲ್ಲದವನು. ಆ ಹಾಳು ಮರ್ಯಾದೆಗೆ ನನಗೆ ಮೈಯೆಲ್ಲ ಉರಿಯಿತು. ಸರ್ಕಾರಿ ವಕೀಲರು ಆಗಲೇ ಎದ್ದು, "ಅವನೇ ಹೇಳ್ತಿದ್ದಾನಲ್ಲ, ಮಹಾಸ್ವಾಮಿ" ಎಂದರು. ನ್ಯಾಯಾಧೀಶರು ಏನೋ ಬರೆದುಕೊಳ್ಳತೊಡಗಿದರು. ಈಗಲೂ ಸುಮ್ಮನಿದ್ದರೆ ಅಣ್ಣನನ್ನು ನಾನೇ ಕೊಂದಂತೆ ಎನಿಸಿ ಹಿಂದಿನ ಬೆಂಚಿನಿಂದ ಎದ್ದು ನಿಂತೆ.

"ಸಾಹೇಬ್ರ, ಅವತ್ತ ಹುಟ್ಟು ಹಿಡದಾಂವ..."

ಅಣ್ಣ ಗಕ್ಕನೆ ತಿರುಗಿದ. ನನ್ನ ಮುಖ ನೋಡಿದವನೇ ಕಟಕಟೆ ಹಿಡಿದು ಕೂಗಿದ: "ಆರಾಮ ಇಲ್ರಿ! ಖರೇನ ಆರಾಮ ಇಲ್ರಿ ಸಾಹೇಬ್ರ! ಮಲಗಿದ್ರ ಉಸರ ಹಿಡೀತದ್ರಿ, ಕಾಲು ಬಾತಾವ್ರಿ, ಸಾಯ್ತೀನ್ರಿ! ನನ್ನ ಮಾತ ಕೇಳ್ರಿ, ಅವನ ಮಾತ ಬ್ಯಾಡ್ರಿ!"

ಪೇದೆ ನನ್ನ ಹೆಗಲು ಅದುಮಿ ಕೂರಿಸಿದ. ನಾನು ಮತ್ತೆ ಏಳಲಿಲ್ಲ. ಅದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಹದಿನೈದು ದಿನಕ್ಕೆ ತೀರ್ಪು ಬಂತು. ಕಾಯಿಲೆಯನ್ನೂ ತಾರತಮ್ಯವನ್ನೂ ಒಪ್ಪಿ, ಅನುಭವಿಸಿದ ಶಿಕ್ಷೆಯೇ ಸಾಕೆಂದು ಅಣ್ಣನನ್ನು ಬಿಟ್ಟರು. ತನ್ನ ನೋವನ್ನು ಅವನು ಬಾಯಿಬಿಟ್ಟು ಹೇಳಿದ್ದು ಜೀವನದಲ್ಲಿ ಅದೊಂದೇ ಸಲ, ಅದೂ ನಾನು ಬಾಯಿ ಬಿಡದಿರಲೆಂದು.