ಮಾಂತ್ರಿಕನ ಮೀಸೆ ಕದ್ದವರು

ನಾನು ಕರಡು ತಿದ್ದುತ್ತಿದ್ದ ಪತ್ರಿಕೆಯ ಸಂಸ್ಮರಣ ಸಂಚಿಕೆ ಮೊನ್ನೆ ಕೈಸೇರಿತು. ಕಳ್ಳಕಾಕರನ್ನು ಹಿಡಿಯುತ್ತಿದ್ದ ಮಾಂತ್ರಿಕನ ಚಿತ್ರ ಧಾರಾವಾಹಿಗೆ 'ಮಾಲೀಕರ ತೇಜಸ್ವಿ ಮುಖವೇ ಮಾದರಿ' ಎಂದು ಅದರಲ್ಲಿ ಅಚ್ಚಾಗಿದೆ. ಮಾಲೀಕರಿಗೆ ತೇಜಸ್ಸಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅದರ ಬಹುಪಾಲು ಬೋಳುತಲೆಯದು. ಆದರೆ ಮಾಂತ್ರಿಕನ ಮುಖ ಅವರದಾಗಿರಲಿಲ್ಲ. ನಿವೃತ್ತನಾದೆನೆಂದು ತಪ್ಪನ್ನು ತಪ್ಪೆನ್ನದೆ ಬಿಡಲು ನನ್ನಿಂದಾಗದು.

ಆ ಚಿತ್ರಗಳನ್ನು ಬರೆಯುತ್ತಿದ್ದವನನ್ನು ಕಚೇರಿಯಲ್ಲಿ 'ಗೀಚಪ್ಪ' ಎನ್ನುತ್ತಿದ್ದರು. ಅವನಿಗೊಂದು ಊನವಿತ್ತು. ಎದುರಿಗೆ ಯಾರನ್ನಾದರೂ ನಿಲ್ಲಿಸಿಕೊಳ್ಳದೆ ಮುಖ ಬರೆಯಲಾರ. ಬರೆದರೆ ಅದು ಕುಂಬಳಕಾಯಿ. ಆದ್ದರಿಂದ ಮಾಂತ್ರಿಕನಾಗಿ ನಿಲ್ಲುತ್ತಿದ್ದವನು ಅವನ ಹೆಂಡತಿಯ ತಮ್ಮ. ನಾಲ್ಕು ದಿನಕ್ಕೆಂದು ಬಂದು ಮನೆಯ ಕಂಬದಂತೆ ನೆಲೆಯೂರಿಬಿಟ್ಟಿದ್ದ ಆಸಾಮಿ. ದುಡಿಮೆಯಿರಲಿಲ್ಲ, ಆದರೆ ತುದಿ ತಿರುಚಿದ ಭರ್ಜರಿ ಮೀಸೆಯಿತ್ತು. ಕಿಟಕಿಯ ಪರದೆಯನ್ನು ಹೆಗಲಿಗೆ ಕಟ್ಟಿ, ಬೆರಳು ಚಾಚಿ ಅವನು ನಿಂತರೆ, ಮರುದಿನದ ಪತ್ರಿಕೆಯಲ್ಲಿ ದರೋಡೆಕೋರರ ಪಿಸ್ತೂಲುಗಳು ಬಾಳೆಹಣ್ಣಾಗುತ್ತಿದ್ದವು. ಊಟಕ್ಕೆ ಅದೇ ಬಾಡಿಗೆ.

ಮನೆ ನನ್ನ ದಾರಿಯಲ್ಲೇ ಇದ್ದುದರಿಂದ ಚಿತ್ರವನ್ನು ಕಚೇರಿಗೆ ಒಯ್ಯುವ ಹೊಣೆ ನನ್ನದಾಗಿತ್ತು. ಒಂದು ಬೆಳಿಗ್ಗೆ ಹೋದರೆ ಗೀಚಪ್ಪ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ಎದುರಿಗೆ ಪರದೆ ಹೊದ್ದ ಮಾಂತ್ರಿಕ, ಮೇಲ್ದುಟಿ ನುಣ್ಣಗೆ.

"ದರ್ಜಿ ಮಗಳು ಮೀಸೆ ಇದ್ರೆ ಮಾತೇ ಆಡಲ್ಲ ಅಂದ್ಳು ಭಾವ. ತೆಗೆಸ್ಬಿಟ್ಟೆ."

"ಅದು ನಿನ್ನ ಮೀಸೆ ಅಂತ ಯಾರೋ ಹೇಳಿದ್ದು? ನನ್ನ ನೌಕರಿ ಕಣೋ ಅದು."

ಮಾತು ಅತಿಶಯವಲ್ಲ. ಇನ್ನೊಂದು ದಿನ ಚಿತ್ರ ತಪ್ಪಿದರೆ ಆ ಜಾಗಕ್ಕೆ ಕೇಶತೈಲದ ಜಾಹೀರಾತು, ಗೀಚಪ್ಪನಿಗೆ ಮನೆ ದಾರಿ ಎಂದು ಸಂಪಾದಕರು ಆಗಲೇ ಗುಡುಗಿದ್ದರು.

"ಹಳೇ ಚಿತ್ರ ನೋಡ್ಕೊಂಡು ಬರಿ" ಎಂದೆ. ಬರೆದ. ಕುಂಬಳಕಾಯಿಗೆ ಮೀಸೆ ಬಂದಿತು, ಅಷ್ಟೇ.

ಅಡುಗೆಮನೆಯಿಂದ ಅವನ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. "ಇಲ್ಲದ್ದನ್ನ ಯಾಕೆ ಬರೀತೀರಿ? ಕಳ್ಳರು ಕದ್ರು ಅನ್ನಿ."

"ಮಾಂತ್ರಿಕನ ಮೀಸೇನಾ?" ಎಂದೆ.

"ಯಾಕಣ್ಣ, ನಿದ್ದೇಲಿ ಅವನೂ ಎಲ್ಲರ ಹಾಗೆ ಗೊರಕೆ ಹೊಡೆಯಲ್ವಾ?"

ಹಾಗೆಯೇ ಅಚ್ಚಾಯಿತು. ಸಂಪಾದಕರು ಉರಿದುಬಿದ್ದರು, ಮಾರುವವರು ಹೆಚ್ಚು ಪ್ರತಿ ಕೇಳತೊಡಗಿದ ಮೇಲೆ ಉಪಾಯ ತಮ್ಮದೇ ಎಂದರು. ಮಾಂತ್ರಿಕ ತನ್ನ ಮೀಸೆಗಾಗಿ ಹಡಗುಕಟ್ಟೆ, ಬ್ಯಾಂಕು, ಸರ್ಕಸ್ಸುಗಳನ್ನೆಲ್ಲ ಜಾಲಾಡಿದ. ಕೊನೆಗೆ ಓದುಗರ ತಾಳ್ಮೆ ತೀರಿತು. ನಾಳೆ ಮೀಸೆ ಸಿಗಲೇಬೇಕು, ಸಿಗದಿದ್ದರೆ ಕೇಶತೈಲ ಎಂದು ಆಜ್ಞೆಯಾಯಿತು.

ಅಂಟಿಸಿದ ಮೀಸೆಗೂ ಭಾವಮೈದುನ ಒಪ್ಪಲಿಲ್ಲ. "ಮದುವೆ ಮಾತು ನಡೀತಿದೆ ಭಾವ. ಬೇಕಾದ್ರೆ ಮೂಗು ಕೇಳು, ಕೊಡ್ತೀನಿ."

"ಮೂಗು ನನ್ನ ಹತ್ರಾನೂ ಅದೇ ಇದೆ" ಎಂದರು ಅವನಕ್ಕ. ಜಡೆಯ ತುದಿ ಕತ್ತರಿಸಿ, ಗೋಂದು ಸವರಿ ತುಟಿಯ ಮೇಲೆ ಅಂಟಿಸಿಕೊಂಡರು; ತಮ್ಮನ ಹೆಗಲಿನಿಂದ ಪರದೆ ಕಿತ್ತು ಹೊದ್ದರು; ಬೆರಳು ಚಾಚಿದರು. "ಯಾರೂ ನಗಿಸ್ಬೇಡಿ. ಉದುರುತ್ತೆ."

ಗೀಚಪ್ಪ ನಗಲಿಲ್ಲ. ಕುಂಚ ಅದ್ದಿದ.

ಅಂದಿನಿಂದ ಧಾರಾವಾಹಿ ನಿಲ್ಲುವವರೆಗೂ ಮಾಂತ್ರಿಕನೆಂದರೆ ಆಕೆಯೇ. ಬೆರಳೆತ್ತುವ ಮೊದಲೇ, ಬರೀ ನೋಟಕ್ಕೆ ಕಳ್ಳರು ಪಿಸ್ತೂಲು ಕೆಳಗಿಡತೊಡಗಿದರು. ಹಾಲು ತಡವಾಗಿ ತಂದ ಹಾಲಿನವನು ಆ ನೋಟವನ್ನು ಮೊದಲೇ ಬಲ್ಲ. ಹೊಸ ಚಿತ್ರವನ್ನು ಕಂಡು ಮಾಲೀಕರು, "ನನ್ನ ಹೋಲಿಕೆ ಬಂದಿದೆಯಲ್ಲವೇ?" ಎಂದು ಕೇಳಿದರು. ಗೀಚಪ್ಪ ಕೆಲಸ ಉಳಿಸಿಕೊಳ್ಳಬೇಕಾದವನು, ಹೌದೆಂದ. ಸಂಚಿಕೆಯ ಸುಳ್ಳಿಗೆ ಮೂಲ ಅದು.

ಆ ಸಂಜೆ ಅವರ ಮನೆಯಲ್ಲಿ ನಾನು ಇದನ್ನು ತಿಳಿಸಿದಾಗ ಆಕೆ ತುಟಿಯ ಗೋಂದನ್ನು ಕೆರೆಯುತ್ತ ಹೇಳಿದ್ದಿಷ್ಟು:

"ಹೋಲಿಕೆ ಅವರದೇ ಇರ್ಲಿ ಬಿಡಿ ಅಣ್ಣ. ಮೀಸೆಗೆ ಕೂದಲು ಎಲ್ಲಿಂದ ತಂದ್ರು ಅಂತ ಮಾತ್ರ ಯಾರಾದ್ರೂ ಕೇಳಿ."