ಹಿಡ್ಕೊ ಅಂದಳು, ಹಿಂಡು ಅನ್ನಲಿಲ್ಲ

ಮಗಳು ಮೈಸೂರಿನಿಂದ ಬಂದಾಗಲೆಲ್ಲ ಬ್ಯಾಗಿನ ತುಂಬ ಒಗೆಯುವ ಬಟ್ಟೆ ತರುತ್ತಿದ್ದಳು. ಆ ಸಲ ಬಟ್ಟೆಯ ಜೊತೆ ಒಂದು ಕಪ್ಪು ಪೆಟ್ಟಿಗೆಯೂ ಬಂತು. ಪಾಂಡವಪುರದಲ್ಲಿ ಬಸ್ಸು ಬದಲಿಸುವಾಗ ಅದನ್ನು ಕೆಳಗಿಡದೆ ಎದೆಗೆ ಅವಚಿಕೊಂಡೇ ನಿಂತಿದ್ದಳಂತೆ. ತೆಗೆದು ತೋರಿಸಿದಳು. ಕಬ್ಬಿಣದ ಒಂದು ಹಿಡಿಕೆ, ಅದರ ನೆತ್ತಿಯಲ್ಲಿ ಗಡಿಯಾರದಂಥ ಮುಖ, ಅದಕ್ಕೊಂದು ಮುಳ್ಳು.

"ಕೈ ಶಕ್ತಿ ಅಳೆಯೋ ಮಿಶಿನ್ನು ಕಣಮ್ಮ," ಅಂದಳು.

ನಾನು ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡೆ.

ಅವಳು ಓದುತ್ತಿದ್ದುದು ಫಿಸಿಯೋಥೆರಪಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಕಾಯಿಲೆ ಕಸಾಲೆ ಇಲ್ಲದ ಹೆಂಗಸರು ಬೇಕಾಗಿದ್ದರು. ಅವರ ಕೈಯ ಬಲವನ್ನು ಎರಡು ರೀತಿಯಲ್ಲಿ ನೋಡಬೇಕು. ಒಂದು, ಡಾಕ್ಟರುಗಳು ಮೊದಲಿನಿಂದ ಮಾಡಿಕೊಂಡು ಬಂದದ್ದು. ಮುಷ್ಟಿ ಕಟ್ಟಿ ಕೈ ಚಾಚಿ ಅನ್ನುತ್ತಾರೆ, ಮೇಲಿನಿಂದ ತಮ್ಮ ಕೈಯಲ್ಲಿ ಒತ್ತುತ್ತಾರೆ, ಚಾಚಿದ ಕೈ ಕೆಳಗಿಳಿಯದಿದ್ದರೆ ಐದಕ್ಕೆ ಐದು ಕೊಡುತ್ತಾರೆ. ಇನ್ನೊಂದು ಈ ಮಿಶಿನ್ನು. ಎರಡರಲ್ಲಿ ಯಾವುದನ್ನು ಎಷ್ಟು ನಂಬಬಹುದು ಅನ್ನುವುದು ಅವಳು ಬರೆಯಬೇಕಾದ ವಿಷಯ.

"ನಮ್ಮೂರ ಡೈರಿಗೆ ಹಾಲು ಹಾಕೋರಿಗಿಂತ ಗಟ್ಟಿ ಹೆಂಗಸರು ಇನ್ನೆಲ್ಲಿ ಸಿಗ್ತಾರೆ? ಮೊದಲು ನಿಂದೇ ನೋಡ್ತೀನಿ, ಬಾ."

"ನಂಗೆ ಕೆಲ್ಸ ಅದೆ, ಓಗತ್ಲಾಗೆ," ಎಂದು ಗದರಿ ಕೊಟ್ಟಿಗೆಗೆ ಹೋದೆ. ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಸುಮ್ಮನೆ ಹಸುವಿನ ಬೆನ್ನು ಸವರುತ್ತಾ ನಿಂತೆ.

ನನ್ನ ತವರು ನಾಗಮಂಗಲದ ಕಡೆ. ನಮ್ಮವ್ವನ ಮುದ್ದೆಗೆ ಅಲ್ಲಿ ಹೆಸರಿತ್ತು. ಒಂದು ದಿನ ಮುದ್ದೆಯಲ್ಲಿ ಗಂಟು ಸಿಕ್ಕಿತು, ಅಪ್ಪ ರೇಗಿದ. ಮಾರನೆಯ ದಿನವೂ ಗಂಟು. ಹಿಟ್ಟಿನ ದೊಣ್ಣೆ ಹಿಡಿದು ತೊಳಸಲು ಅವ್ವನ ಕೈಲಾಗುತ್ತಿರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಆಮೇಲೆ ಚೊಂಬು ಜಾರತೊಡಗಿತು. ಸೆರಗಿನ ಗಂಟು ಬಿಚ್ಚಲಾಗದೆ ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು. ಕೊನೆಕೊನೆಗೆ ತುತ್ತು ಬಾಯಿಗಿಡಲೂ ನಾನೇ ಬೇಕಾಯಿತು. ಮಾಂಸಖಂಡ ಕರಗುವ ಕಾಯಿಲೆ, ವಂಶದಲ್ಲಿ ಇಳಿದು ಬಂದರೂ ಬರಬಹುದು ಎಂದು ದೊಡ್ಡ ಡಾಕ್ಟರು ಕಿಟಕಿಯ ಕಡೆ ನೋಡಿಕೊಂಡು ಹೇಳಿದ್ದರು. ಅವ್ವ ಹೋದಾಗ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಅಜ್ಜಿಗೆ ವಾತ ಇತ್ತು ಎಂದಷ್ಟೇ ಅವಳಿಗೆ ಹೇಳಿ ಬೆಳೆಸಿದ್ದೆ.

ಅವ್ವನಿಗೆ ಗಂಟಿನ ಮುದ್ದೆ ಶುರುವಾದ ವಯಸ್ಸು ಈಗ ನನಗೆ. ದಿನಾ ಒಲೆಯ ಮುಂದೆ ಜೀವ ಕೈಯಲ್ಲಿ ಹಿಡಿದುಕೊಂಡೇ ಹಿಟ್ಟು ತೊಳಸುತ್ತೇನೆ. ಯಾರಿಗೂ ಬಡಿಸುವ ಮೊದಲು ಒಂದು ಮುದ್ದೆ ಮುರಿದು ಬೆರಳಾಡಿಸುತ್ತೇನೆ. ಗಂಟಿಲ್ಲ ಅಂದರೆ ಆ ದಿನ ಕಳೆಯಿತು.

ಮಾರನೆಯ ಬೆಳಿಗ್ಗೆ ಹಾಲು ಹಾಕಿ ಮುಗಿದ ಮೇಲೆ ಹೆಂಗಸರೆಲ್ಲ ಡೈರಿಯ ಜಗುಲಿಯ ಮೇಲೆ ಕೂತರು. ಮಿಶಿನ್ನು ನೋಡಿ ಒಬ್ಬರೂ ಮುಂದೆ ಬರಲಿಲ್ಲ. ನನ್ನ ವಾರಗಿತ್ತಿ, ಅವಳಿಗೆ ಬಾಯಿ ಜಾಸ್ತಿ, ನನ್ನನ್ನೇ ಮುಂದಕ್ಕೆ ನೂಕಿದಳು.

"ಮೊದ್ಲು ನಿಮ್ಮವ್ವಂದು ಅಳಿ ಮಗ. ಆಮೇಕೆ ನಮ್ದು."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಮುಷ್ಟಿ ಕಟ್ಟಿ ಕೈ ಚಾಚಿದೆ. ಮಗಳು ಒತ್ತಿದಳು, ನಾನು ಬಿಡಲಿಲ್ಲ. "ಐದು! ಫುಲ್ ಮಾರ್ಕ್ಸು!" ಅಂದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಅಮ್ಮನ ಕೈಯನ್ನು ಎಷ್ಟು ಅಂತ ಒತ್ತಿಯಾಳು?

ಆಮೇಲೆ ಮಿಶಿನ್ನು ಕೈಗಿಟ್ಟು, "ಇದನ್ನ ಗಟ್ಟಿಯಾಗಿ ಹಿಡ್ಕೊ," ಅಂದಳು. ಹಿಡಿದುಕೊಂಡೆ. ಮುಳ್ಳು ಒಂದಿಷ್ಟು ಅಲುಗಿ ನಿಂತುಬಿಟ್ಟಿತು. "ಬಿಡಬೇಡ, ಗಟ್ಟಿಯಾಗಿ ಹಿಡ್ಕೊಮ್ಮ." ಬಿಡದೆ ಹಿಡಿದೇ ಇದ್ದೆ. ಮುಳ್ಳು ಏಳಲಿಲ್ಲ. ಎಡಗೈಗೆ ಕೊಟ್ಟಳು, ಅಲ್ಲಿ ಇನ್ನೂ ಕಡಿಮೆ. ಅವಳ ಮುಖದ ನಗು ಆರಿಹೋದದ್ದನ್ನು ನಾನು ಕಣ್ಣಾರೆ ಕಂಡೆ. ಏನೂ ಆಗಿಲ್ಲವೆಂಬಂತೆ ಮಿಶಿನ್ನನ್ನು ದುಪಟ್ಟಾದಲ್ಲಿ ಒರೆಸತೊಡಗಿದಳು.

ಬಂತು, ಬಂದೇಬಿಟ್ಟಿತು ಅಂದುಕೊಂಡೆ. ಸಾಯುವ ಭಯವಲ್ಲ ಅದು. ಇನ್ನು ನನಗೆ ತುತ್ತಿಡುವವರು ಯಾರು? ಇವಳೇ. ನಾನು ಅವ್ವನ ಮುಂದೆ ಕೂತ ಹಾಗೆ ಇವಳು ನನ್ನ ಮುಂದೆ ತಟ್ಟೆ ಹಿಡಿದು ಕೂರಬೇಕು. ಕೂತು, ನನ್ನ ಕೈ ನೋಡಿ ತನ್ನ ಕೈ ನೋಡಿಕೊಳ್ಳಬೇಕು. ಅಯ್ಯೋ, ನಮ್ಮಪ್ಪ ದೇವರೇ, ಇವಳನ್ನಾದರೂ ಬಿಟ್ಟುಬಿಡು ಅಂತ ಒಳಗೇ ಗೋಗರೆದೆ.

ಅಷ್ಟರಲ್ಲಿ ವಾರಗಿತ್ತಿಯ ಸರದಿ ಬಂದಿತ್ತು. ತುಂಬಿದ ಹಾಲಿನ ಕ್ಯಾನನ್ನು ಒಬ್ಬಳೇ ಎತ್ತಿ ಆಟೋಗೆ ಇಡುವವಳು ಅವಳು. ಅವಳ ಕೈಯಲ್ಲೂ ಮುಳ್ಳು ಅಲ್ಲೇ ನಿಂತಿತು.

"ಚಿಕ್ಕಮ್ಮ, ನಿಂದೂ ಇಷ್ಟೇನಾ?" ಮಗಳು ಕಂಗಾಲಾದಳು.

"ಏನ್ ಇಷ್ಟೇನಾ? ಇಡ್ಕೊ ಅಂದೆ, ಇಡ್ಕೊಂಡಿವ್ನಿ. ಬೀಳಿಸ್ಲಿಲ್ಲ ತಾನೆ? ಕಾಲೇಜಿನ್ ಮಿಶಿನ್ನು, ಮುರ್ದೋದ್ರೆ ನಿಮ್ ಚಿಕ್ಕಪ್ಪ ಕಟ್ಕೊಟ್ಟನಾ?"

"ಅಯ್ಯೋ ಚಿಕ್ಕಮ್ಮ, ಹಿಂಡ್ಬೇಕು ಅದನ್ನ!"

"ಇಂಡು ಅಂತ ಬಾಯ್ ಬುಟ್ಟು ಯೋಳ್ಬಾರ್ದಾ ಮತ್ತೆ? ಎಮ್ಮೆ ಕೆಚ್ಚಲ ಬರೀ ಇಡ್ಕೊಂಡು ಕುಂತ್ರೆ ಹಾಲು ಬಂದದಾ? ಮೈಸೂರ್ಗೋಗಿ ಮಾತೇ ಮರ್ತ್ಬುಟ್ಟವ್ಳೆ ನೋಡಕ್ಕ ನಿನ್ ಮಗ್ಳು!"

ಜಗುಲಿಯೆಲ್ಲ ಗೊಳ್ಳೆಂದಿತು. ನಾನು ನಗಲಿಲ್ಲ, ಮಿಶಿನ್ನನ್ನು ಅವಳ ಕೈಯಿಂದ ಕಿತ್ತುಕೊಂಡೆ. ಹಾಲು ಕರೆಯುವ ಹಾಗೆ ಹಿಂಡಿದೆ. ಮುಳ್ಳು ಸರ್ರನೆ ಮೇಲಕ್ಕೇರಿತು. ಎಡಗೈಯಲ್ಲೂ ಏರಿತು. "ಸರಿಯಾಗಿದೆ ಕಣಮ್ಮ, ನಿನ್ನ ವಯಸ್ಸಿಗೆ ಚೆನ್ನಾಗೇ ಇದೆ," ಎಂದು ಮಗಳು ಮುಳ್ಳನ್ನು ಎರಡೆರಡು ಸಲ ನೋಡಿ ಬರೆದುಕೊಂಡಳು.

"ನಿನ್ ಓದ್ಗೆ ಬೆಂಕಿ ಆಕ! ಅರ್ಧ ಜೀವ ತೆಗ್ದ್ಬುಟ್ಟಲ್ಲೇ!" ಎಂದು ಬೈದೆ. ಬೈದ ಮೇಲೆ ಉಸಿರು ಸರಾಗವಾಯಿತು.

ಸಂಜೆ ಹಾಲು ಕರೆಯುವ ಹೊತ್ತಿಗಿಂತ ಮುಂಚೆ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ಪೆಟ್ಟಿಗೆ ಪಕ್ಕದಲ್ಲಿತ್ತು. ನಾನು ಬಕೆಟ್ಟು ತೊಳೆಯುತ್ತಾ, ತಮಾಷೆಗೆ ಕೇಳಿದವಳಂತೆ ಕೇಳಿದೆ: "ಊರೋರ್ದೆಲ್ಲ ಅಳೆದೆಯಲ್ಲ, ನಿಂದು ನೋಡ್ಕೊಂಡಿದ್ದೀಯಾ?"

"ದಿನಾ ನೋಡ್ಕೊತೀನಿ," ಅಂದಳು.

ಬಕೆಟ್ಟು ಅಲ್ಲೇ ಬಿಟ್ಟೆ.

"ಅಜ್ಜಿಗೆ ಇದ್ದಿದ್ದು ವಾತ ಅಲ್ಲ ಅಂತ ನಂಗೊತ್ತು ಕಣಮ್ಮ. ಕಾಲೇಜಲ್ಲಿ ಆ ಪಾಠ ಬಂದಾಗ್ಲೇ ಗೊತ್ತಾಯ್ತು. ನೀನು ಮುದ್ದೆ ಮುರಿದು ಬೆರಳಾಡಿಸೋದು ಯಾಕೆ ಅಂತಾನೂ ಅವತ್ತೇ ಗೊತ್ತಾಯ್ತು."

"ಮಿಶಿನ್ನು ಏನಂತದೆ?"

"ಒಂದಿನ ಹೆಚ್ಚು, ಒಂದಿನ ಕಮ್ಮಿ. ಹೆದರಿಕೊಂಡು ಹಿಂಡಿದ್ರೆ ಕಮ್ಮಿ ಬರುತ್ತೆ. ಕಮ್ಮಿ ಬಂದ್ರೆ ಇನ್ನೂ ಹೆದರಿಕೆ." ಮುಷ್ಟಿ ಕಟ್ಟಿ ಕೈ ಚಾಚಿದಳು. "ನೀನೊಂದ್ಸಲ ಕೈಯಲ್ಲಿ ಒತ್ತಿ ನೋಡಮ್ಮ. ಸುಮ್ಮನೆ ಸವರಬೇಡ, ಒತ್ತು."

ಒತ್ತಿದೆ. ಅಲುಗಲಿಲ್ಲ. ಇನ್ನೂ ಒತ್ತಿದೆ. ವರ್ಷಗಟ್ಟಲೆ ಹಾಲು ಕರೆದ ಕೈ ನನ್ನದು. ನನ್ನ ಕೈಯೇ ಸೋಲಲಿ, ಸೋತು ಜಾರಿಬಿಡಲಿ ಅಂತ ಬೇಡಿಕೊಳ್ಳುತ್ತಲೇ ಮೈಭಾರವನ್ನೆಲ್ಲ ಹಾಕಿದೆ. ಆಗ ಅವಳ ಮೊಣಕೈ ಹತ್ತಿರ ಸಣ್ಣಗೆ ನಡುಕ ಶುರುವಾಯಿತು. ಅಷ್ಟು ಒತ್ತಿದರೆ ಯಾರ ಕೈಯಾದರೂ ನಡುಗುತ್ತಿತ್ತೇನೋ. ಇನ್ನೊಂದು ಕ್ಷಣ ಒತ್ತಿದ್ದರೆ ಗೊತ್ತಾಗುತ್ತಿತ್ತು. ನನಗೆ ಗೊತ್ತಾಗುವುದು ಬೇಕಿರಲಿಲ್ಲ. ಮೆಲ್ಲಗೆ ಕೈ ಸಡಿಲ ಬಿಟ್ಟೆ.

"ಐದು ಕಣವ್ವ," ಅಂದೆ. "ಫುಲ್ಲು."

ಅವಳು ಚಾಚಿದ ಕೈ ಇಳಿಸಿ ಮುಷ್ಟಿ ಬಿಚ್ಚಿದಳು.

"ಬೆಳಿಗ್ಗೆ ನಾನೂ ನಿಂಗೆ ಹಿಂಗೇ, ಪೂರ್ತಿ ಒತ್ತದೆ ಕೈ ಸಡಿಲ ಬಿಟ್ಟಿದ್ದು ಕಣಮ್ಮ," ಅಂದಳು.